ಬಾಳೆಹಣ್ಣು ತಿಂದು ಸೂಪರ್‌ಹೀರೋ ಆಗುವ ಬ್ರಿಟಿಷ್ ಕಾಮಿಕ್ಸ್ ಹುಡುಗ ಯಾರು?

ಅವನೇ ಬನಾನಾಮ್ಯಾನ್. ನಿಜವಾದ ಹೆಸರು ಎರಿಕ್ ವಿಂಪ್. ಇಂಗ್ಲಿಷಿನಲ್ಲಿ ವಿಂಪ್ ಅಂದರೆ ಪುಕ್ಕಲ, ಹೆಸರಲ್ಲೇ ಗೇಲಿ ಇದೆ ನೋಡಿ. 29, ಅಕೇಶಿಯಾ ರೋಡ್‌ನಲ್ಲಿ ವಾಸ, ಸಾಮಾನ್ಯ ಶಾಲಾ ಹುಡುಗ. ಒಂದು ಬಾಳೆಹಣ್ಣು ಸುಲಿದು ತಿಂದರೆ ಸಾಕು, ಕಟ್ಟುಮಸ್ತಾದ ಗಂಡಸಾಗಿ ಹಾರತೊಡಗುತ್ತಾನೆ. ನೀಲಿ ಅಂಗಿ, ಹಳದಿ ಕೈಗವಸು. ಬೆನ್ನಿನ ಹಳದಿ ಬಟ್ಟೆಯಂತೂ ಸುಲಿದ ಸಿಪ್ಪೆಯ ಹಾಗೆ ಎರಡಾಗಿ ಸೀಳಿರುತ್ತದೆ!

ತಮಾಷೆ ಇರುವುದು ಮುಂದೆ. ಇಪ್ಪತ್ತು ಜನರ ಸ್ನಾಯುಬಲ ಬರುತ್ತದೆ, ಬುದ್ಧಿ ಮಾತ್ರ ಇಪ್ಪತ್ತು ಕಪ್ಪೆಚಿಪ್ಪಿನಷ್ಟು. ಇಂಗ್ಲಿಷಿನಲ್ಲಿ ಸ್ನಾಯುವಿಗೂ ಆ ಚಿಪ್ಪಿಗೂ ಉಚ್ಚಾರ ಒಂದೇ, ‘ಮಸಲ್’. ಆ ಶ್ಲೇಷೆ ಕನ್ನಡಕ್ಕೆ ಬರುವುದಿಲ್ಲ ಬಿಡಿ. ಅವನಿಗಿಂತ ಜೊತೆಗಿರುವ ಮಾತಾಡುವ ಕಾಗೆಯೇ ಜಾಣ. ಅಮೆರಿಕದ ಗಂಭೀರ ಸೂಪರ್‌ಹೀರೋಗಳನ್ನು ಅಣಕಿಸುವ ಪಾತ್ರ ಅಲ್ವಾ, ಹೀಗೇ ಇರಬೇಕು.

ಸ್ಕಾಟ್ಲೆಂಡಿನ ಡಂಡೀ ಊರಿನ ಡಿ.ಸಿ. ಥಾಮ್ಸನ್ ಕಂಪನಿ 1980ರ ಫೆಬ್ರವರಿಯಲ್ಲಿ ಶುರುಮಾಡಿದ ‘ನಟ್ಟಿ’ ಎಂಬ ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಇವನು ಬಂದ. ಚಿತ್ರ ಜಾನ್ ಗೀರಿಂಗ್ ಅವರದು. 1985ರಲ್ಲಿ ‘ನಟ್ಟಿ’ ‘ಡ್ಯಾಂಡಿ’ ಎಂಬ ಇನ್ನೊಂದು ಕಾಮಿಕ್ಸ್ ಪತ್ರಿಕೆಯೊಳಗೆ ಸೇರಿಕೊಂಡಿತು, ಇವನೂ ಅಲ್ಲಿಗೆ ಹೋದ. 2012ರಲ್ಲಿ ‘ಬೀನೋ’ ಪತ್ರಿಕೆಗೆ ಬಂದ. 1983ರಿಂದ ಬಿಬಿಸಿಯಲ್ಲಿ ಕಾರ್ಟೂನ್ ಕೂಡ ಬಂತು. ಅದರಲ್ಲಿ ಹುಡುಗನ ಹೆಸರು ಎರಿಕ್ ಟ್ವಿಂಜ್.