ಹಿನ್ನೆಲೆ ಮಸುಕಾಗಲು 50 ಮಿ.ಮೀ. ಲೆನ್ಸ್ ಕೊಳ್ಳಬೇಕೇ?

ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸಿನಲ್ಲಿ ಹಿನ್ನೆಲೆ ಮಸುಕಾಗುವುದಿಲ್ಲ, 50 ಮಿ.ಮೀ. ಎಫ್/1.8 ಕೊಂಡೇ ಕಲಿಕೆ ಶುರುಮಾಡಲೇ ಎಂದು ಕೇಳಿದ್ದೀರಿ. ನಾನು ಹಾಗೆಯೇ ಶುರುಮಾಡಿದವನು. ಕೊಂಡ ಮೇಲೆ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ, 1.8ರಿಂದ ಕದಲಲೇ ಇಲ್ಲ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಬೆಕ್ಕು, ಕಾಫಿ ಲೋಟ, ತುಳಸಿಕಟ್ಟೆ, ಎಲ್ಲದರ ಹಿಂದೆಯೂ ಅದೇ ಮಸುಕು. ಹೊಗಳುವವರಿಗೂ ಕೊರತೆಯಿರಲಿಲ್ಲ. ಆ ಧೈರ್ಯದ ಮೇಲೆ ಪರಿಚಯದವರ ಮನೆಯ ಉಪನಯನಕ್ಕೆ ಮುಂಗಡ ತೆಗೆದುಕೊಂಡೆ.

ಕುಟುಂಬದ ಚಿತ್ರಕ್ಕೆ ಹಿರಿಯರು ಕುರ್ಚಿಗಳಲ್ಲಿ ಕುಳಿತರು, ಉಳಿದವರು ಹಿಂದೆ ನಿಂತರು. ಬೆಳಕು ಕಡಿಮೆ, ಹಾಗಾಗಿ 1.8 ಸರಿಯೇ ಎಂದುಕೊಂಡು ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದೆ. ನನ್ನದು ಎಪಿಎಸ್-ಸಿ ಕ್ಯಾಮೆರಾ, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನದು. 3 ಮೀಟರ್ ದೂರದಿಂದ ಆ ಅಪರ್ಚರ್‌ನಲ್ಲಿ ಸ್ಪಷ್ಟವಾಗಿ ಮೂಡುವ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ಸುಮಾರು 25 ಸೆಂ.ಮೀ. ಅದರಲ್ಲೂ ಅರ್ಧದಷ್ಟು ಅಜ್ಜಿಯ ಮುಂದಿನ ಖಾಲಿ ಜಾಗಕ್ಕೇ ಖರ್ಚು! ನಿಂತವರ ಮುಖಗಳಿದ್ದದ್ದು ಅದಕ್ಕಿಂತ ಬಹಳ ಹಿಂದೆ. ಎಫ್/8 ಇಟ್ಟು ಎರಡು ಸಾಲುಗಳ ನಡುವೆ ಫೋಕಸ್ ಮಾಡಿದ್ದರೆ ಒಂದು ಮೀಟರಿಗೂ ತುಸು ಹೆಚ್ಚು ಆಳ ಸಿಗುತ್ತಿತ್ತು. ಬೆಳಕು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತಿತ್ತು, ನಿಜ. ಫ್ಲ್ಯಾಶ್ ಇರುವುದು ಅದಕ್ಕೇ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ಚಿತ್ರ ತರಿತರಿಯಾದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಸೋದರಮಾವನ ಮುಖವೇ ಕಾಣದಿದ್ದರೆ ಬರುತ್ತಾರೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲರೂ ಚೆನ್ನಾಗಿಯೇ ಕಂಡಿದ್ದರು, ಹಿಗ್ಗಿಸಿ ನೋಡಲಿಲ್ಲ. ಮುಂಗಡ ಮರಳಿಸಿದೆ. ಆ ಬಂಧುಬಳಗದಿಂದ ಮತ್ತೆ ಯಾವ ಕೆಲಸವೂ ಬರಲಿಲ್ಲ.

ಇನ್ನು, ಕಿಟ್ ಲೆನ್ಸಿನಲ್ಲಿ ಮಸುಕು ಬರುವುದಿಲ್ಲ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. 55 ಮಿ.ಮೀ.ಗೆ ತಿರುಗಿಸಿ, ಎಫ್/5.6 ಇಟ್ಟು, ಒಂದು ಮೀಟರ್ ದೂರದಷ್ಟು ಹತ್ತಿರಕ್ಕೆ ಹೋಗಿ. ಸ್ಪಷ್ಟ ಆಳ ಸುಮಾರು 7 ಸೆಂ.ಮೀ.ಗೆ ಇಳಿಯುತ್ತದೆ. ಗೋಡೆಗೆ ಒರಗಿ ನಿಂತವರನ್ನು ಈಚೆಗೆ ಕರೆಯಿರಿ. ಕದಲಬೇಕಾದದ್ದು ಕಾಲು.

ಸೋಮನಾಥಪುರಕ್ಕೆ ಹೋಗಿ ನೋಡಿ. ಹದಿಮೂರನೇ ಶತಮಾನದ ಆ ಕೇಶವ ದೇವಾಲಯದ ಹೊರಗೋಡೆಯ ಕೆಳಗಿನ ಆನೆಗಳ ಸಾಲನ್ನು ನಿಂತು ತೆಗೆದರೆ ಸೀರೆಯ ಅಂಚಿನಂತೆ ಚಪ್ಪಟೆಯಾಗಿ ಕಾಣುತ್ತದೆ. ಜಗತಿಯ, ಅಂದರೆ ದೇವಾಲಯ ನಿಂತಿರುವ ಕಟ್ಟೆಯ, ಮೇಲೆ ಕುಳಿತು, ಆನೆಯ ಕಣ್ಣಿನ ಮಟ್ಟದಿಂದ ಗೋಡೆಗುಂಟ ಓರೆಯಾಗಿ ನೋಡಿದರೆ ಮೊದಲನೆಯದು ದೊಡ್ಡದಾಗಿ, ಉಳಿದವು ಕಿರಿದಾಗುತ್ತ, ಗೋಡೆಯ ತಿರುವಿನವರೆಗೆ ನಡೆಯುತ್ತವೆ. 55 ಮಿ.ಮೀ., ಎಫ್/5.6ರಲ್ಲಿ ಒಂದೇ ಆನೆ ಸ್ಪಷ್ಟ, 18 ಮಿ.ಮೀ., ಎಫ್/16ರಲ್ಲಿ ಇಡೀ ದಂಡು. ಜೂಮ್ ಎಷ್ಟೇ ತಿರುಗಿಸಿದರೂ ಆನೆಗಳ ಗಾತ್ರದ ಆ ಅನುಪಾತ ಬದಲಾಗದು, ಕುಳಿತ ಜಾಗ ಬದಲಿಸಿದರೆ ಮಾತ್ರ ಬದಲಾಗುತ್ತದೆ.

ಹಣ ಖರ್ಚು ಮಾಡಲೇಬೇಕು ಎಂದಿದ್ದರೆ ಮೊದಲು ಒಂದು ಫ್ಲ್ಯಾಶ್ ಕೊಳ್ಳಿ.