ಸೇವಾ ಸಂಸ್ಥೆಯಲ್ಲಿ ಸಂಬಳ ಕೇಳಿದರೆ ತಪ್ಪೇ?

ಪ್ರಶ್ನೆ: ರಾಯಚೂರು ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೇನೆ. ಎರಡು ತಿಂಗಳಿಂದ ಸಂಬಳ ಆಗಿಲ್ಲ, ಟಿ.ಎ. ಬಿಲ್ಲೂ ಬಾಕಿ. ಕೇಳಿದ್ದಕ್ಕೆ ನಿರ್ದೇಶಕರು ಸ್ವಸಹಾಯ ಸಂಘದ ಮಹಿಳೆಯರ ಎದುರಿಗೇ ‘ಸೇವಾ ಮನೋಭಾವ ಇಲ್ಲದವರು ಇಲ್ಲಿಗೆ ಬರಬಾರದಿತ್ತು’ ಎಂದು ಬೈದರು. ಯೋಜನೆಗೆ ಹಣ ಕೊಡುವ ಸಂಸ್ಥೆಗೇ ದೂರು ಬರೆದುಬಿಡಲೇ?
– ಹೆಸರು ಬೇಡ

ಉತ್ತರ: ಸಂಬಳ ಕೇಳಿದ್ದರಲ್ಲಿ ನಿಮ್ಮದೇನೂ ತಪ್ಪಿಲ್ಲ. ಆದರೆ ಹಣ ಕೊಡುವವರಿಗೆ ಈಗಲೇ ಬರೆಯಬೇಡಿ. ದೂರು ಬಂದಾಗ ಅವರು ಸುಲಭವಾಗಿ ಮಾಡಬಹುದಾದದ್ದು ಮುಂದಿನ ಕಂತು ತಡೆಯುವುದು. ಆಗ ನಿಮ್ಮ ಜೊತೆಯವರ ಸಂಬಳವೂ ನಿಂತೀತು. ಪಡೆದದ್ದಕ್ಕಿಂತ ಹೆಚ್ಚಿನ ಮೊತ್ತದ ವೋಚರ್‌ಗೆ ಸಹಿ ಹಾಕಿಸಿಕೊಂಡಿದ್ದರೆ, ಇಲ್ಲವೇ ಸಂಬಳದ ಒಂದು ಪಾಲನ್ನು ‘ದೇಣಿಗೆ’ ಎಂದು ವಾಪಸ್ ಪಡೆದಿದ್ದರೆ ಮಾತು ಬೇರೆ. ಅದು ಲೆಕ್ಕದಲ್ಲಿನ ಮೋಸ, ಹಣ ಕೊಟ್ಟವರಿಗೆ ತಿಳಿಯಲೇಬೇಕು.

ಸಂಬಳ ತಡವಾಗುವುದಕ್ಕೆ ಅನೇಕ ಕಡೆ ಕಾರಣ ಕಂತಿನ ವ್ಯವಸ್ಥೆ. ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಸಲ್ಲಿಸದೆ ಮುಂದಿನ ಕಂತು ಬರುವುದಿಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾಗಿ, ಆ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳು ಸಣ್ಣವಕ್ಕೆ ಆ ಹಣ ಹಂಚುವುದೂ ನಿಂತಿತು. ನಿರ್ದೇಶಕರ ಮೇಲಿನ ಒತ್ತಡ ನಿಜವಿರಬಹುದು. ಹಾಗಿದ್ದರೆ ‘ಕಂತು ಬಂದಿಲ್ಲ, ಇಂಥ ದಿನದೊಳಗೆ ಕೊಡುತ್ತೇವೆ’ ಎಂದು ಹೇಳಲಿ. ಬಾಕಿ ಕೇಳಿದವರ ಬಾಯಿ ಮುಚ್ಚಿಸಲು ಸೇವೆಯ ಹೆಸರು ಎತ್ತುವುದು ಅನ್ಯಾಯ, ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ನೇಮಕಾತಿ ಪತ್ರ ಕೊಟ್ಟು ದುಡಿಸಿಕೊಂಡ ಮೇಲೆ ನೀವು ಉದ್ಯೋಗಿ.

ಮೊದಲು ನಿರ್ದೇಶಕರಿಗೆ ಇಮೇಲ್ ಕಳಿಸಿ. ಯಾವ ತಿಂಗಳ ಸಂಬಳ, ಯಾವ ಬಿಲ್, ಎಷ್ಟು ಬಾಕಿ, ಇಷ್ಟೇ ಇರಲಿ. ಬೈದ ವಿಷಯ ಅದರಲ್ಲಿ ಸೇರಿಸಬೇಡಿ. ಎರಡನ್ನೂ ಬೆರೆಸಿದರೆ ಚರ್ಚೆ ನಿಮ್ಮ ಸ್ವಭಾವದತ್ತ ತಿರುಗಿ ಬಾಕಿಯ ಮಾತು ಹಿಂದೆ ಬೀಳುತ್ತದೆ. ಬೈದ ದಿನಾಂಕ, ಸ್ಥಳ, ಆಡಿದ ಮಾತು, ಎದುರಿಗಿದ್ದವರ ಹೆಸರು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಉತ್ತರ ಬಾರದಿದ್ದರೆ ಕಾರ್ಯಕಾರಿ ಸಮಿತಿಗೆ ಬರೆಯಿರಿ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಸ್ಥೆಯಾದರೆ ಸಮಿತಿ ಸದಸ್ಯರ ಪಟ್ಟಿ ಪ್ರತಿ ವರ್ಷ ನೋಂದಣಾಧಿಕಾರಿಗೆ ಸಲ್ಲಿಕೆಯಾಗಬೇಕು, ಹೆಸರುಗಳು ಅಲ್ಲಿ ಸಿಗುತ್ತವೆ. ಟ್ರಸ್ಟ್ ಆದರೆ ಕಷ್ಟ ಹೆಚ್ಚು, ಒಂದೇ ಮನೆಯವರು ಟ್ರಸ್ಟಿಗಳಾಗಿರುವುದುಂಟು. ಅಲ್ಲೂ ದಾರಿ ಕಾಣದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಬೈಗುಳದಲ್ಲಿ ಅಶ್ಲೀಲ ಮಾತೋ ಲೈಂಗಿಕ ಒತ್ತಾಯವೋ ಇದ್ದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಸ್ವಯಂಸೇವಾ ಸಂಸ್ಥೆಗೆ ವಿನಾಯಿತಿ ಇಲ್ಲ. ಅದಕ್ಕಿಂತ ಚಿಕ್ಕ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಸಾಮಾನ್ಯವಾಗಿ ಘಟನೆಯಿಂದ ಮೂರು ತಿಂಗಳು.

ಸಂಘದ ಮಹಿಳೆಯರು ನಿಮ್ಮ ಪರ ಮಾತಾಡಲು ಮುಂದೆ ಬರಬಹುದು. ದಯವಿಟ್ಟು ಅವರನ್ನು ಇದರೊಳಗೆ ಎಳೆಯಬೇಡಿ. ಅವರ ಸಾಲದ ಅರ್ಜಿ, ಬ್ಯಾಂಕಿನ ಓಡಾಟ ಇದೇ ಸಂಸ್ಥೆಯ ಮೂಲಕ ನಡೆಯುತ್ತಿದ್ದರೆ, ನಿಮ್ಮ ಪರ ನಿಂತದ್ದಕ್ಕೆ ಅವರ ಕೆಲಸ ನಿಂತೀತು. ನೀವು ಬೇರೆ ಕೆಲಸ ಹುಡುಕಿಕೊಳ್ಳಬಹುದು, ಅವರು ಊರು ಬಿಟ್ಟು ಹೋಗುವಂತಿಲ್ಲ.