ಜೇಮ್ಸ್ ಜೇಮರ್‌ಸನ್ ಬೇಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಸಂಸ್ಥೆಯ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತೀರಿಕೊಂಡದ್ದು 1983ರ ಆಗಸ್ಟ್ 2ರಂದು. ಅವರ ನೆನಪಿನ ಸಂಚಿಕೆಗಾಗಿ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಸಂಗೀತ ವಿಭಾಗ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಆ ಹಾಡುಗಳನ್ನು ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಜೇಮರ್‌ಸನ್ ಹೆಸರು ಮಾತ್ರ ಬೇಸ್ ನುಡಿಸುವವರ ಬಾಯಲ್ಲಷ್ಟೇ ಕೇಳಿಬರುತ್ತದೆ. ಏಕೆ ಹೀಗೆ? (ಓದುಗರು, ದಾವಣಗೆರೆ)

ಏಕೆಂದರೆ ರೆಕಾರ್ಡಿನ ಮೇಲೆ ಅವರ ಹೆಸರು ಹಾಕಲೇ ಇಲ್ಲ. 1960ರ ದಶಕ ಪೂರ್ತಿ ಮೋಟೌನ್ ರೆಕಾರ್ಡುಗಳಲ್ಲಿ ಗಾಯಕರ ಹೆಸರಿತ್ತು, ಹಾಡು ಬರೆದವರ ಹೆಸರಿತ್ತು, ವಾದ್ಯ ನುಡಿಸಿದವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬಂದಾಗ ವಾದ್ಯಗಾರರ ಪಟ್ಟಿ ಅಚ್ಚಾಯಿತು. ಅದರಲ್ಲಿ ಜೇಮರ್‌ಸನ್ ಅವರನ್ನು ‘ಸಾಟಿಯಿಲ್ಲದ’ ಎಂದು ಕರೆದಿದ್ದರು. ಅಷ್ಟು ಹೊತ್ತಿಗೆ ಅವರು ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಾಗಿತ್ತು.

ಹುಟ್ಟಿದ್ದು 1936ರಲ್ಲಿ, ಸೌತ್ ಕೆರೊಲಿನಾದ ಎಡಿಸ್ಟೊ ದ್ವೀಪದಲ್ಲಿ. 1954ರಲ್ಲಿ ಡೆಟ್ರಾಯಿಟ್‌ಗೆ ಬಂದು ಹೈಸ್ಕೂಲಿನಲ್ಲಿ ನಿಂತು ನುಡಿಸುವ ದೊಡ್ಡ ಡಬಲ್ ಬೇಸ್ ಕಲಿತರು, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿದರು. ಮೋಟೌನ್ ಸ್ಟುಡಿಯೊ ಇದ್ದದ್ದು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಮನೆಯಲ್ಲಿ. ಅಲ್ಲಿನ ಇಕ್ಕಟ್ಟು ಕೋಣೆಯನ್ನು ವಾದ್ಯಗಾರರು ‘ಸ್ನೇಕ್‌ಪಿಟ್’ ಎನ್ನುತ್ತಿದ್ದರು. ಫಂಕ್ ಬ್ರದರ್ಸ್ ಎಂದು ಹೆಸರಾದ ಆ ತಂಡದ ತಳಪಾಯ ಜೇಮರ್‌ಸನ್.

ಆವರೆಗೆ ಜನಪ್ರಿಯ ಹಾಡುಗಳಲ್ಲಿ ಬೇಸ್‌ನ ಕೆಲಸ ಸಾಮಾನ್ಯವಾಗಿ ಷಡ್ಜ, ಪಂಚಮ ಹಿಡಿದು ತಾಳ ಕಾಯುವುದಷ್ಟೇ. ಜೇಮರ್‌ಸನ್ ಅದನ್ನು ಗಾಯಕನ ಜೊತೆ ಮಾತಾಡುವ ಎರಡನೆಯ ದನಿಯಾಗಿಸಿದರು. ಸ್ಟೀವಿ ವಂಡರ್ ಅವರ ‘ಫಾರ್ ಒನ್ಸ್ ಇನ್ ಮೈ ಲೈಫ್’ (1968) ಕೇಳಿ. ಒಂದು ಆವರ್ತದಲ್ಲಿ ನುಡಿಸಿದ್ದು ಇನ್ನೊಂದರಲ್ಲಿ ಹಾಗೇ ಮರಳುವುದು ಅಪರೂಪ. ಆದರೂ ಹಾಡುವವರ ಕಾಲಿಗೆ ಎಲ್ಲೂ ಅಡ್ಡ ಬರುವುದಿಲ್ಲ. ದನಿ ಉಸಿರು ತೆಗೆದುಕೊಳ್ಳುವಲ್ಲಿ ಬೇಸ್ ಓಡುತ್ತದೆ, ದನಿ ಎದ್ದಾಗ ಬೇಸ್ ಕೂರುತ್ತದೆ. ಇದು ಸಾಧನೆಗಿಂತ ಮಿಗಿಲಾಗಿ ಔಚಿತ್ಯದ ಮಾತು.

ಬೇಡವೆಂದಲ್ಲಿ ಅವರು ಸುಮ್ಮನಿರಲೂ ಬಲ್ಲರು. ಟೆಂಪ್ಟೇಶನ್ಸ್ ತಂಡದ ‘ಮೈ ಗರ್ಲ್’ (1964) ಆರಂಭವಾಗುವುದೇ ಬೇಸ್‌ನಿಂದ, ಅದೂ ಕೈಬೆರಳೆಣಿಕೆಯ ಹೊಡೆತಗಳಿಂದ. ಅದರ ಮೇಲೆ ಗಿಟಾರ್ ಸರಿಗಪದಸ ಎಂದು ಮೇಲೇರುತ್ತದೆ. ನಮ್ಮ ಕಿವಿಗೆ ಅದು ಮೋಹನದ ಆರೋಹಣವೇ. ಗಿಟಾರ್ ನುಡಿಸಿದವರು ರಾಬರ್ಟ್ ವೈಟ್. ಅವರ ಹೆಸರೂ ಆಗ ಅಚ್ಚಾಗಲಿಲ್ಲ.

1972ರಲ್ಲಿ ಸಂಸ್ಥೆ ಲಾಸ್ ಏಂಜಲೀಸ್‌ಗೆ ಎದ್ದುಹೋಯಿತು. ಜೇಮರ್‌ಸನ್ ಮರುವರ್ಷ ಹಿಂದೆಯೇ ಹೋದರು, ಆದರೆ ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂತು. ಕುಡಿತ ಆರೋಗ್ಯ ತಿಂದಿತು. 47ನೇ ವಯಸ್ಸಿಗೆ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ರಲ್ಲಿ, ಸಹವಾದಕರಿಗೆಂದು ಪ್ರತ್ಯೇಕ ವಿಭಾಗ ಮಾಡಿದ ಮೇಲೆ.

ಪ್ರಶ್ನೆ: ನೀವು ಹೊಗಳುವ ಬೇಸ್ ನನ್ನ ಫೋನಿನಲ್ಲಿ ಕೇಳಿಸುವುದೇ ಇಲ್ಲ. ರೆಕಾರ್ಡಿಂಗ್ ಹಳತಾದ್ದರಿಂದಲೇ? (ಓದುಗರು, ಹಾಸನ)

ರೆಕಾರ್ಡಿಂಗ್ ತಪ್ಪಲ್ಲ. ಬೇಸ್‌ನ ನಾಲ್ಕು ಖಾಲಿ ತಂತಿಗಳು ಮಿಡಿಯುವುದು ಸುಮಾರು 41, 55, 73 ಮತ್ತು 98 ಹರ್ಟ್ಸ್‌ನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ಇಂದಿನ ಹಾಡುಗಳ ಬೇಸ್ ಫೋನಿನಲ್ಲೂ ಅಷ್ಟಿಷ್ಟು ಕೇಳಿಸುವುದು ಅನುಸ್ವರಗಳಿಂದ, ಅಂದರೆ ಮೂಲ ಸ್ವರದ ಜೊತೆಗೇ ತಂತಿಯಲ್ಲಿ ಮೊಳಗುವ ಮೇಲಿನ ಸ್ವರಗಳಿಂದ. ಜೇಮರ್‌ಸನ್ ಬಳಸಿದ ನುಣುಪು ತಂತಿ ಮತ್ತು ತಂತಿಗೆ ತಾಗಿಸಿದ ಫೋಮ್ ತುಂಡು ಆ ಅನುಸ್ವರಗಳನ್ನೇ ತಗ್ಗಿಸುತ್ತವೆ. ಹೀಗಾಗಿ ಫೋನಿನಲ್ಲಿ ಏನೂ ಉಳಿಯುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ. ಮೋನೊ ಮತ್ತು ಸ್ಟೀರಿಯೊ ಎರಡೂ ಸಿಕ್ಕರೆ ಮೊದಲು ಮೋನೊ ಕೇಳಿ. ರೇಡಿಯೊಗೆಂದು ಮಾಡಿದ ಮಿಶ್ರಣ ಅದು, ಬೇಸ್ ಮತ್ತು ಡ್ರಮ್ಸ್ ಅದರಲ್ಲಿ ಒಂದಾಗಿ ನುಗ್ಗುತ್ತವೆ.

ಪ್ರಶ್ನೆ: ನಮ್ಮ ಆರ್ಕೆಸ್ಟ್ರಾದವರು ಅವರ ನೆನಪಿಗೆ ಒಂದು ಸಂಜೆ ಕಾರ್ಯಕ್ರಮ ಇಟ್ಟಿದ್ದೇವೆ. ನನ್ನ ಬಳಿ ಮಾಮೂಲಿ ಪ್ರಿಸಿಷನ್ ಮಾದರಿಯ ಬೇಸ್ ಇದೆ. ಆ ನಾದ ಬರಿಸುವುದು ಹೇಗೆ? (ಓದುಗರು, ಮೈಸೂರು)

ಅವರದು ಫೆಂಡರ್ ಕಂಪನಿಯ 1962ರ ಪ್ರಿಸಿಷನ್ ಬೇಸ್. ವಾಲ್ಯೂಮ್, ಟೋನ್ ಎರಡೂ ಪೂರ್ತಿ ತೆರೆದೇ ಇರುತ್ತಿದ್ದವು. ಮಂದ ನಾದ ಬೇಕೆಂದು ಟೋನ್ ಮುಚ್ಚುವವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ.

ಮುಖ್ಯವಾದದ್ದು ತಂತಿ. ಅವರು ಹಾಕುತ್ತಿದ್ದದ್ದು ಲಾಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್, ಅಂದರೆ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ: ತೆಳುವಿನಿಂದ ದಪ್ಪಕ್ಕೆ 52, 73, 95, 110, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಈಗ ಸಾಮಾನ್ಯವಾಗಿ ಬರುವ ಸೆಟ್ 45ರಿಂದ 105. ಆದ್ದರಿಂದ ನೇರವಾಗಿ ಹಾಕಿದರೆ ಎರಡು ತೊಂದರೆ ಎದುರಾಗುತ್ತವೆ. ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಕಚ್ಚುಗಳು ಕಿರಿದಾಗಿ ತಂತಿ ಮೇಲೆಯೇ ಕೂರುತ್ತದೆ, ಮೊದಲ ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳು) ಸ್ವರ ಏರುತ್ತದೆ. ಎಳೆತ ಹೆಚ್ಚಿ ಬೇಸ್‌ನ ಕತ್ತು ಮುಂದಕ್ಕೆ ಬಾಗುತ್ತದೆ. ಕಚ್ಚು ಅಗಲಿಸುವ ಕೆಲಸಕ್ಕೆ ಅದರದೇ ಅಳತೆಯ ಅರ ಬೇಕು, ಇಲ್ಲದಿದ್ದರೆ ರಿಪೇರಿಯವರಿಗೆ ಕೊಡಿ. ಖರ್ಚು ಬೇಡವೆಂದರೆ 45ರಿಂದ 105ರ ಫ್ಲಾಟ್‌ವೌಂಡ್ ಹಾಕಿ, ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ತಂತಿಗಳನ್ನು ಒಂದೊಂದಾಗಿ ಬದಲಿಸಿ. ಕೀಲಿ ದಾಟಿ ಸುಮಾರು 10 ಸೆಂಟಿಮೀಟರ್ ಬಿಟ್ಟು, ಅಲ್ಲಿ ತಂತಿಯನ್ನು ಲಂಬವಾಗಿ ಮಡಚಿ, ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಮೇಲಿನ ಪಟ್ಟಿ ಒಳಗಿನಿಂದ ಸಡಿಲವಾಗಿ ನಾದವೇ ಸತ್ತುಹೋಗುತ್ತದೆ. ದುಬಾರಿ ಸೆಟ್ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿದು 7-8ನೇ ಫ್ರೆಟ್ ಬಳಿ ಸಂದು ನೋಡಿ. 0.3ರಿಂದ 0.4 ಮಿಲಿಮೀಟರ್ ಸಾಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ಕತ್ತಿನ ಒಳಗಿನ ಲೋಹದ ಸಲಾಕೆ) ಕಾಲು ಸುತ್ತು ಬಿಗಿ ಮಾಡಿ, ಶ್ರುತಿ ಸೇರಿಸಿ, ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಅರ್ಧ ಸುತ್ತಿಗಿಂತ ಮುಂದೆ ಹೋಗಬೇಡಿ. ಜೇಮರ್‌ಸನ್ ಅವರ ತಂತಿಗಳು ಬಹಳ ಎತ್ತರದಲ್ಲಿದ್ದವು, ಡಬಲ್ ಬೇಸ್‌ನಲ್ಲಿ ಪಳಗಿದ ಕೈಗೆ ಅದು ಒಗ್ಗಿತ್ತು. ನೀವು 12ನೇ ಫ್ರೆಟ್ ಬಳಿ 2.5ರಿಂದ 3 ಮಿಲಿಮೀಟರ್ ಇಟ್ಟುಕೊಳ್ಳಿ.

ಕೊನೆಗೆ ಫೋಮ್. ಅಂದಿನ ಪ್ರಿಸಿಷನ್‌ಗಳಲ್ಲಿ ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಲೋಹದ ಆಧಾರ) ಮುಚ್ಚಳದ ಒಳಗೆ ಫೋಮ್ ತುಂಡು ಕಂಪನಿಯಿಂದಲೇ ಬರುತ್ತಿತ್ತು. ಬಹಳ ಜನ ಕಿತ್ತೆಸೆಯುತ್ತಿದ್ದರು, ಅವರು ಉಳಿಸಿಕೊಂಡರು. ಮುಚ್ಚಳ ಇಲ್ಲದವರು ಮೃದು ಸ್ಪಂಜನ್ನು 8 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ ಕತ್ತರಿಸಿ ಬ್ರಿಡ್ಜ್‌ಗೆ ತಾಗಿದಂತೆ ತಂತಿಗಳ ಕೆಳಗೆ ತೂರಿಸಿ. ತಂತಿಯನ್ನು ಮುಟ್ಟಬೇಕು, ಎತ್ತಬಾರದು. ಎತ್ತಿದರೆ ಶ್ರುತಿ ಏರುತ್ತದೆ, ಸ್ವರ ಟೊಕ್ ಎಂದು ಸಾಯುತ್ತದೆ. ಮೀಟಿದ ಸ್ವರ ಒಂದೆರಡು ಮಾತ್ರೆ ನಿಂತು ಆರಿದರೆ ಹದ ಸರಿ. ಒಂದು ಎಚ್ಚರಿಕೆ: 12ನೇ ಫ್ರೆಟ್‌ನ ಶ್ರುತಿ ಹೊಂದಿಕೆಯನ್ನು ಫೋಮ್ ಇಡುವ ಮೊದಲೇ ಮುಗಿಸಿ. ಫೋಮ್ ಇಟ್ಟ ಮೇಲೆ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ತಾಗಿಸಿ ಹೊರಡಿಸುವ ಸ್ವರ) ನುಡಿಯುವುದಿಲ್ಲ, ಹೋಲಿಸಿ ನೋಡಲು ಏನೂ ಇರುವುದಿಲ್ಲ.

ವೇದಿಕೆಯಲ್ಲಿ ಡಿಐ ಬಾಕ್ಸ್, ಅಂದರೆ ವಾದ್ಯವನ್ನು ಆಂಪ್ಲಿಫೈಯರ್ ಇಲ್ಲದೆ ಜೋಡಿಸುವ ಪೆಟ್ಟಿಗೆ, ಇದರ ಮೂಲಕ ನೇರ ಮಿಕ್ಸರ್‌ಗೆ ಕೊಡಿ. ಸ್ನೇಕ್‌ಪಿಟ್‌ನಲ್ಲೂ ಬೇಸ್ ಹೋಗುತ್ತಿದ್ದದ್ದು ನೇರ ಕನ್ಸೋಲ್‌ಗೇ.

ಪ್ರಶ್ನೆ: ಅವರು ಒಂದೇ ಬೆರಳಿನಲ್ಲಿ ನುಡಿಸುತ್ತಿದ್ದರು ಎನ್ನುತ್ತಾರೆ. ಅಷ್ಟು ವೇಗ ಸಾಧ್ಯವೇ? (ಓದುಗರು, ಧಾರವಾಡ)

ಸಾಧ್ಯ. ಬಲಗೈ ತೋರುಬೆರಳು ಒಂದೇ. ಅದಕ್ಕೆ ‘ಹುಕ್’, ಅಂದರೆ ಕೊಕ್ಕೆ ಎಂಬ ಹೆಸರೇ ಬಿದ್ದಿತ್ತು. ಉಳಿದ ಬೆರಳುಗಳು ಪಿಕಪ್ (ತಂತಿಯ ಮಿಡಿತ ಹಿಡಿಯುವ ಭಾಗ) ಮೇಲಿನ ಕ್ರೋಮ್ ಮುಚ್ಚಳದ ಮೇಲೆ ಆತುಕೊಂಡಿರುತ್ತಿದ್ದವು. ತೆಳು ತಂತಿ ಮೀಟಿದ ಬೆರಳು ಪಕ್ಕದ ದಪ್ಪ ತಂತಿಯ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿಂದಲೇ ಅದನ್ನೂ ಎಳೆಯುತ್ತದೆ. ಇಳಿಯುವ ಸ್ವರಗಳಿಗೆ ಇದರಿಂದ ಅರ್ಧ ಶ್ರಮ ಉಳಿಯಿತು. ಇನ್ನೊಂದು ಗುಟ್ಟು ಖಾಲಿ ತಂತಿ. ಶ್ರುತಿ ಯಾವುದೇ ಇರಲಿ, ಒಂದು ಸ್ಥಾನದಿಂದ ಇನ್ನೊಂದಕ್ಕೆ ಎಡಗೈ ಜಾರುವಾಗ ನಡುವೆ ಖಾಲಿ ತಂತಿಯೊಂದನ್ನು ಮೀಟಿಬಿಡುತ್ತಾರೆ, ಕೈಗೆ ಸಮಯ ಸಿಗುತ್ತದೆ. ಅಭ್ಯಾಸಕ್ಕೆ ಮೆಟ್ರೊನೋಮ್ 60ಕ್ಕೆ ಇಟ್ಟು, ಮಾತ್ರೆಗೆ ನಾಲ್ಕು ಸ್ವರ ಸಮವಾಗಿ ಬಂದ ಮೇಲೆ ಮುಂದೆ ಹೋಗಿ. ಮುಂಗೈ ಬಿಗಿದರೆ ನಿಲ್ಲಿಸಿ. ಬಿಗಿದ ಕೈಯಲ್ಲಿ ಎರಡನೆಯ, ನಾಲ್ಕನೆಯ ಸ್ವರಗಳು ಮೊದಲು ಮಂಕಾಗುತ್ತವೆ.

ಪ್ರಶ್ನೆ: ನಮ್ಮಲ್ಲೂ ಸಿನಿಮಾ ಹಾಡುಗಳಿಗೆ ನುಡಿಸಿದ ಎಷ್ಟೋ ವಾದಕರು ಹೆಸರಿಲ್ಲದೆ ಹೋಗುತ್ತಿದ್ದಾರೆ. ಅವರಿಗಾಗಿ ಏನು ಮಾಡಬಹುದು? (ಓದುಗರು, ಬೆಂಗಳೂರು)

ಶ್ರದ್ಧಾಂಜಲಿ ಸಭೆಗಿಂತ ಮೊದಲು ಪಟ್ಟಿ ಮಾಡಿ. ಕನ್ನಡ ಚಿತ್ರಗೀತೆಗಳು ಬಹುಕಾಲ ಮದ್ರಾಸಿನಲ್ಲೇ ಧ್ವನಿಮುದ್ರಣವಾದವು. ರೆಕಾರ್ಡು, ಕ್ಯಾಸೆಟ್ಟುಗಳ ಮೇಲೆ ಗಾಯಕ, ಗೀತರಚನೆಕಾರ, ಸಂಗೀತ ನಿರ್ದೇಶಕರ ಹೆಸರಿನ ಆಚೆಗೆ ಸಾಮಾನ್ಯವಾಗಿ ಏನೂ ಇಲ್ಲ. ಮೋಟೌನ್ ಹಾಡುಗಳಲ್ಲೂ ಕೆಲವಕ್ಕೆ ಬೇಸ್ ಯಾರದೆಂಬ ತಕರಾರು ದಶಕಗಳು ಕಳೆದರೂ ನಡೆಯುತ್ತಿದೆ, ಕಾರಣ ಆಗಲೇ ಬರೆದಿಡದ್ದು. ಹಿರಿಯ ವಾದಕರ ಮನೆಗೆ ಹೋಗುವಾಗ ಹಾಡುಗಳನ್ನು ಜೊತೆಗೆ ಒಯ್ಯಿರಿ. “ಏನೇನು ನುಡಿಸಿದ್ದೀರಿ ಸರ್?” ಎಂದರೆ ನೆನಪಾಗುವುದಿಲ್ಲ, ಹಾಡು ಕೇಳಿಸಿದರೆ ಬೆರಳೇ ಹೇಳುತ್ತದೆ. ಹಾಡು, ಚಿತ್ರ, ವರ್ಷ, ಸ್ಟುಡಿಯೊ, ವಾದ್ಯ, ಪಕ್ಕದಲ್ಲಿ ಕೂತಿದ್ದವರು ಯಾರು, ಇಷ್ಟನ್ನು ಪ್ರತಿ ಹಾಡಿಗೂ ಬರೆದುಕೊಳ್ಳಿ. ಪಕ್ಕದಲ್ಲಿದ್ದವರನ್ನೂ ಕೇಳಿ ತಾಳೆ ನೋಡಿ. ಅವರ ಹಳೆಯ ಡೈರಿ, ಸಂಭಾವನೆ ಚೀಟಿ ಇದ್ದರೆ ಫೋಟೊ ತೆಗೆದಿಡಿ. ಮನೆಯವರು ಅವನ್ನು ರದ್ದಿಗೆ ಹಾಕುವ ಮೊದಲು ಹೋಗಿ.

ಪ್ರಶ್ನೆ: ತಂತಿ ಹರಿಯುವವರೆಗೂ ಅವರು ಬದಲಿಸುತ್ತಿರಲಿಲ್ಲವಂತೆ. ಕರಾವಳಿಯ ಹವೆಯಲ್ಲಿ ನಾನೂ ಹಾಗೆ ಬಿಡಬಹುದೇ? (ಓದುಗರು, ಮಂಗಳೂರು)

ಕೊಳೆಯಲ್ಲೇ ಫಂಕ್ (ಆ ಸಂಗೀತದ ಸೊಗಡು) ಇರುತ್ತದೆ ಎಂಬರ್ಥದ ಅವರ ಮಾತು ಪ್ರಸಿದ್ಧ. ಫ್ಲಾಟ್‌ವೌಂಡ್ ವರ್ಷಗಟ್ಟಲೆ ಬಾಳುತ್ತದೆ ಎಂಬುದೂ ನಿಜ. ಆದರೆ ಕೊಳೆ ಬೇರೆ, ತುಕ್ಕು ಬೇರೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಮಳೆಗಾಲದಲ್ಲಿ ಸ್ಪಂಜನ್ನು ತೆಗೆದಿಡಿ. ಅದು ತೇವ ಹಿಡಿದು ಬ್ರಿಡ್ಜ್ ಬಳಿಯೇ ತುಕ್ಕು ಹತ್ತಿಸುತ್ತದೆ. 12ನೇ ಫ್ರೆಟ್‌ನ ಸ್ವರ ಎಷ್ಟು ಸರಿಪಡಿಸಿದರೂ ಹೊಂದದಿದ್ದರೆ ಆ ತಂತಿಯ ಆಯುಷ್ಯ ಮುಗಿದಿದೆ, ಬದಲಿಸಿ.